ಮಡ್ಡಿ ಸಾಲಿಯ ಅಕ್ಕೋರು ಮತ್ತು ಹದಿಮೂರು ಸಹಿ

ಅವತ್ತು ಅಮಾವಾಸ್ಯೆ. ಅಮಾವಾಸ್ಯೆಯ ದಿನ ನಮ್ಮ ಕಡೆ ನೇಕಾರರು ಮಗ್ಗ ಮುಟ್ಟುವುದಿಲ್ಲ. ಹಾಗಾಗಿ ಮಂದಿ ಕೂಡಬೇಕಾದ ಕೆಲಸಗಳನ್ನೆಲ್ಲ ಆ ದಿನಕ್ಕೇ ಇಟ್ಟುಕೊಳ್ಳುತ್ತಾರೆ. ಮಡ್ಡಿ ಸಾಲಿಯ ಒಂದೇ ಕೋಣೆಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ತಾಲೂಕು ಕಚೇರಿಯ ಸಾಹೇಬರು ಬಂದು ಕೂತಿದ್ದರು. ಅವರ ಪಕ್ಕದಲ್ಲಿ ದೊಡ್ಡ ರಸ್ತೆಯ ಆಚೆಗಿರುವ ದೊಡ್ಡ ಸಾಲಿಯ ಹೆಡ್‌ಮಾಸ್ತರರು. ಬಾಗಿಲ ಬಳಿ ಸಾಲಿ ಸಮಿತಿಯ ಅಧ್ಯಕ್ಷ ಮಲ್ಲಪ್ಪ. ಮಕ್ಕಳು ಕೂಡುವ ಚಾಪೆ ಪಟ್ಟಿಗಳ ಮೇಲೆ, ಅವನ ಮನೆಯೂ ಸೇರಿ, ಹದಿಮೂರು ಮನೆಯ ತಾಯಿ ತಂದೆಯರು. ಕಿಟಕಿಯ ಹತ್ತಿರ, ಕುರ್ಚಿಯ ತುದಿಗೆ ಅಂಟಿಕೊಂಡು ನಾನು. ಅಕ್ಕೋರಿಗೂ ಒಂದು ಕುರ್ಚಿ ಹಾಕಿತ್ತು. ಅವರು ಕೂಡಲಿಲ್ಲ. ಹಲಗೆಯ ಪಕ್ಕದಲ್ಲಿ, ಪಾಠ ಹೇಳುವಾಗ ನಿಲ್ಲುವ ಜಾಗದಲ್ಲೇ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದರು.

ಸಾಹೇಬರ ಮುಂದೆ ಮೇಜಿನ ಮೇಲೆ ಸಾಲಿಯ ಠರಾವು ಪುಸ್ತಕ, ಅಂದರೆ ಸಭೆಯ ನಿರ್ಣಯ ಬರೆಯುವ ಪುಸ್ತಕ, ಇತ್ತು. ಅದರ ಕೊನೆಯ ಪುಟದಲ್ಲಿ ಏನು ಬರೆದಿದೆ ಎಂಬುದು ಮೇಜಿನ ಆಸುಪಾಸಿನ ನಾಲ್ವರಿಗೆ ಗೊತ್ತಿತ್ತು. ಅದು ಹೇಗೆ ಬರೆಯಲ್ಪಟ್ಟಿತು ಎಂಬುದು ಇಬ್ಬರಿಗೆ ಗೊತ್ತಿತ್ತು, ಅಕ್ಕೋರಿಗೆ ಮತ್ತು ನನಗೆ. ಅದರ ಕೆಳಗೆ ಸಹಿ ಮಾಡಿದ್ದ ಹದಿಮೂರು ಮಂದಿಗೆ ಎರಡೂ ಗೊತ್ತಿರಲಿಲ್ಲ.

ಅಕ್ಕೋರು ಅಂದರೆ ನಮ್ಮ ಸೀಮೆಯಲ್ಲಿ ಹೆಣ್ಣು ಮಾಸ್ತರರು. ಅವರ ಹೆಸರು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಫೋನು ಮಾಡಿ, ಊಟ ಆಯ್ತೇನು ಎಂದು ಮೊದಲು ಕೇಳಿ, ಆಮೇಲೆ ಬೈಯುತ್ತಾರೆ. ಮಡ್ಡಿಯ ಮಂದಿಗೂ ಅವರ ಹೆಸರು ಬೇಕಾಗಿರಲಿಲ್ಲ. ಆ ಊರಿಗೆ ಒಂದೇ ಸಾಲಿ, ಆ ಸಾಲಿಗೆ ಒಬ್ಬರೇ ಅಕ್ಕೋರು.

ಇಳಕಲ್ಲಿನಿಂದ ಗುಡೂರಿನ ದಾರಿ ಹಿಡಿದು, ನಡುವೆ ಎಡಕ್ಕೆ ಹೊರಳಿದರೆ ಕೆಂಪು ಕಲ್ಲಿನ ಏರು ಸಿಗುತ್ತದೆ. ಅದೇ ಮಡ್ಡಿ. ಮೂವತ್ತರಷ್ಟು ಮನೆ. ಅರ್ಧ ಮನೆಗಳಲ್ಲಿ ಮಗ್ಗ, ಉಳಿದವರದು ಹೊಲ. ಒಂದರಿಂದ ಐದನೆಯ ಇಯತ್ತೆಯವರೆಗೆ ಸೇರಿಸಿ ಹದಿನಾಲ್ಕು ಮಕ್ಕಳು. ಅಕ್ಕೋರು ಇಳಕಲ್ಲಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ದಿನಾ ಎಂಟೂವರೆಯ ಬಸ್ಸಿಗೆ ಬರುತ್ತಿದ್ದರು. ತಿರುವಿನಲ್ಲಿ ಇಳಿದು ಏರು ಹತ್ತುವಾಗ ದಾರಿಯಲ್ಲಿನ ಮನೆಗಳಿಂದ ಒಂದೊಂದೇ ಮಗು ಹೊರಬಂದು ಹಿಂದೆ ಸೇರಿಕೊಳ್ಳುತ್ತಿತ್ತು. ಸಾಲಿಯ ಕೀಲಿ ತೆಗೆಯುವಷ್ಟರಲ್ಲಿ ಹಾಜರಿ ಮುಗಿದಿರುತ್ತಿತ್ತು.

ನಾನು ಆಗ ಸಿ.ಆರ್.ಪಿ., ಅಂದರೆ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ, ಆಗಿದ್ದೆ. ಹದಿನೆಂಟು ಸಾಲಿಗಳನ್ನು ಬೈಕಿನ ಮೇಲೆ ಸುತ್ತಿ, ಮೇಲಿನವರ ಮಾತನ್ನು ಕೆಳಗೆ, ಕೆಳಗಿನವರ ಸಹಿಯನ್ನು ಮೇಲೆ ಮುಟ್ಟಿಸುವ ಕೆಲಸ. ಮೊದಲ ಸಲ ಮಡ್ಡಿ ಸಾಲಿಗೆ ಹೋದಾಗ ಅಕ್ಕೋರು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು. ಒಳಗೆ ಬರುವವರು ಯಾರೇ ಆಗಲಿ ತಮ್ಮ ಮನೆಯಿಂದ ಒಂದು ಮಾತು ತಂದು ಹಲಗೆಯ ಮೇಲೆ ಹಾಕಬೇಕು, ಅದು ಅಲ್ಲಿಯ ರೂಢಿ. ಮಕ್ಕಳೂ ಹಾಗೆಯೇ. ಒಬ್ಬಳು ಲಾಳಿ ಎನ್ನುತ್ತಿದ್ದಳು, ಒಬ್ಬ ಬುತ್ತಿ ಎನ್ನುತ್ತಿದ್ದ, ಇನ್ನೊಬ್ಬ ತನ್ನ ಮುತ್ಯಾ ಎತ್ತಿಗೆ ಬೈಯುವ ಮಾತನ್ನೇ ತಂದು ಹೇಳುತ್ತಿದ್ದ. ಅಕ್ಕೋರು ಬೈಗುಳವನ್ನೂ ಬಿಡದೆ ಬರೆಯುತ್ತಿದ್ದರು. ಒಂದನೆಯ ಇಯತ್ತೆಯ ಮಗು ತನ್ನ ಮನೆಯ ನಲವತ್ತು ಮಾತು ಓದುವವರೆಗೆ ಅವರು ಪುಸ್ತಕ ಕೈಗೆ ಕೊಡುತ್ತಿರಲಿಲ್ಲ.

ನಾನು ಏನು ಹೇಳಬೇಕೋ ತೋಚದೆ, ಬೆಳಿಗ್ಗೆಯಿಂದ ಬಾಯಲ್ಲಿ ಇದ್ದ 'ಮಾರ್ಗಸೂಚಿ' ಎಂಬ ಮಾತನ್ನು ಕೊಟ್ಟೆ. ಅಕ್ಕೋರು ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು, ಇದನ್ನು ಯಾರಾದರೂ ತಿಂದಿದ್ದೀರಾ, ಉಟ್ಟಿದ್ದೀರಾ, ಕಂಡಿದ್ದೀರಾ ಎಂದು ಮಕ್ಕಳನ್ನು ಕೇಳಿದರು. ಯಾರೂ ಕಂಡಿರಲಿಲ್ಲ. ಅಳಿಸಿಬಿಟ್ಟರು.

"ನಾಳಿಗೆ ಛಲೋದು ತಗೊಂಡ ಬರ್ರಿ, ಸರ. ಇದು ಬಾಳೂದಿಲ್ಲ."

ಮುಂದಿನ ವಾರ ನಾನು ನಮ್ಮ ಆಯಿಯ, ಅಂದರೆ ಅಜ್ಜಿಯ, ಬಾಯಿಂದ ಕಲಿತ 'ಗುರೆಳ್ಳು ಹಿಂಡಿ', ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿಯ ಹೆಸರು, ತೆಗೆದುಕೊಂಡು ಹೋದೆ. ನಾನು ಮಾತು ಕಲಿತದ್ದೆಲ್ಲ ಆಯಿಯ ಮಗ್ಗುಲಲ್ಲಿ, ಕಟ್ಟೆಯ ಮೇಲೆ ಕೂತ ಹಿರಿಯರ ನಡುವೆ. ನೌಕರಿಗೆ ಸೇರಿದ ಮೇಲೆ ಅದನ್ನು ಮರೆಯುವ ಅಭ್ಯಾಸ ಮಾಡಿಕೊಂಡಿದ್ದೆ. ಅವತ್ತು ಹದಿನಾಲ್ಕು ಮಕ್ಕಳು ಒಟ್ಟಿಗೆ ಗುರೆಳ್ಳು ಹಿಂಡಿ ಎಂದು ಕೂಗಿದಾಗ ಅಕ್ಕೋರು ನನ್ನತ್ತ ನೋಡಿ, ಈಗ ಬರ್ರಿ ಒಳಗ, ಎಂದರು.

ಮನೆಯ ಮಾತು, ಪುಸ್ತಕದ ಮಾತು ಎಂದು ನಾವು ತಕರಾರು ಮಾಡಿದರೆ ಅವರದೊಂದು ಸಿದ್ಧ ಉತ್ತರ ಇತ್ತು. ಪುಸ್ತಕದ ಮಾತು ಅಂದರೆ ಪರವೂರಿಗೆ ಹೋಗುವಾಗ ಉಡುವ ಸೀರೆ. ಅದು ಬೇಕೇ ಬೇಕು, ಆದರೆ ಅದನ್ನು ಉಡುವುದಕ್ಕೆ ಮೊದಲು ಕೂಸು ನಿಲ್ಲುವುದನ್ನಾದರೂ ಕಲಿತಿರಬೇಕಲ್ಲ ಎನ್ನುತ್ತಿದ್ದರು. ಇಂಗ್ಲಿಷಿನ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಮೂರನೆಯ ಇಯತ್ತೆಯಿಂದ ಅವರೇ ಕಲಿಸುತ್ತಿದ್ದರು, ನನಗಿಂತ ಚೆನ್ನಾಗಿ.

ಅಧ್ಯಕ್ಷ ಮಲ್ಲಪ್ಪನ ಮಗಳ ಕತೆಯನ್ನು ಮಡ್ಡಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಹುಡುಗಿಯನ್ನು ಐದು ವರ್ಷಕ್ಕೇ ವ್ಯಾನಿನಲ್ಲಿ ಹಾಕಿ ಪೇಟೆಯ ಇಂಗ್ಲಿಷ್ ಸಾಲಿಗೆ ಕಳಿಸಿದ್ದರು. ವರ್ಷ ಕಳೆಯುವುದರೊಳಗೆ ಮಗು ಮಾತು ನಿಲ್ಲಿಸಿತು. ಸಾಲಿಯಲ್ಲಿ ಮಾತ್ರವಲ್ಲ, ಮನೆಯಲ್ಲೂ. ದವಾಖಾನೆ ಆಯಿತು, ದೇವರು ಆಯಿತು. ಕೊನೆಗೆ ಅಕ್ಕೋರ ಬಳಿ ತಂದು ಬಿಟ್ಟರು. ಅಕ್ಕೋರು ನಾಲ್ಕು ತಿಂಗಳು ಆ ಮಗುವನ್ನು ಏನೂ ಕೇಳಲಿಲ್ಲ. ದಿನಾ ಹಲಗೆಯ ಒಂದು ಮೂಲೆಯಲ್ಲಿ ಅವಳ ಮಾತಿಗೆಂದು ಜಾಗ ಬಿಡುತ್ತಿದ್ದರು, ಬೇರೆ ಯಾರಿಗೂ ಅಲ್ಲಿ ಬರೆಯಗೊಡುತ್ತಿರಲಿಲ್ಲ. ದೀಪಾವಳಿ ಮುಗಿದ ಮೇಲೆ ಒಂದು ದಿನ ಹುಡುಗಿ ತಾನಾಗಿಯೇ ಎದ್ದು ಬಂದು, ನಮ್ಮ ಎಮ್ಮಿ ಈದೈತಿ, ಎಂದಳು. ಒಂದು ಮಾತಿನ ಜಾಗದಲ್ಲಿ ಮೂರು ಹಿಡಿಸುವುದಿಲ್ಲ ಎಂದು ಅಕ್ಕೋರು ಅವಳ ಜೊತೆ ಜಗಳ ತೆಗೆದರಂತೆ. ಹುಡುಗಿಯೂ ಬಿಡದೆ ಜಗಳಾಡಿದಳಂತೆ. ಮಲ್ಲಪ್ಪ ಇದನ್ನು ಹೇಳುವಾಗ ಇವತ್ತಿಗೂ ಎಮ್ಮೆಯ ಹೆಸರನ್ನು ಮೊದಲು ಹೇಳುತ್ತಾನೆ, ಮಗಳದು ಆಮೇಲೆ.

ಇಂಥ ಅಕ್ಕೋರಲ್ಲಿ ಒಂದು ತಪ್ಪು ಇತ್ತು. ಅದು ನಮ್ಮ ಹದಿನೆಂಟು ಸಾಲಿಗಳಲ್ಲೂ ಇತ್ತು. ಹೊಸದಾಗಿ ಬಂದ ಮಾಸ್ತರರಿಗೆ ನಾನೇ ಅದನ್ನು ಕಲಿಸಿಕೊಟ್ಟಿದ್ದೆ.

ಸಾಲಿ ಸಮಿತಿಯ ಸಭೆ ಮಾಡಿ, ಠರಾವು ಬರೆದು, ಓದಿ ಹೇಳಿ, ಆಮೇಲೆ ಸಹಿ ಮಾಡಿಸಬೇಕು. ಅದು ಕಾಗದದ ಮೇಲಿನ ಮಾತು. ಮಗ್ಗದ ಮೇಲೆ ಕೂತವನು ಎದ್ದು ಬಂದರೆ ಅವನ ಆ ದಿನದ ನೇಯ್ಗೆ ಕೆಡುತ್ತದೆ, ಹೊಲದವನು ಬಂದರೆ ಮಣ್ಣಿನ ಹದ ಹೋಗುತ್ತದೆ. ಅದಕ್ಕೆ ಅಕ್ಕೋರು ಮಧ್ಯಾಹ್ನದ ಬಿಡುವಿನಲ್ಲಿ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಮನೆ ಮನೆಗೆ ಹೋಗುತ್ತಿದ್ದರು. ನಳ ಸೋರುತ್ತದೆ, ಬರೆಯಬೇಕು ಎಂದು ಬಾಯಲ್ಲಿ ಹೇಳಿ ಖಾಲಿ ಹಾಳೆಯ ಕೆಳಗೆ ಸಹಿ ತೆಗೆದುಕೊಳ್ಳುತ್ತಿದ್ದರು. ಸಂಜೆ ಕೂತು ಮೇಲೆ ಠರಾವು ಬರೆಯುತ್ತಿದ್ದರು. ಒಂಬತ್ತು ವರ್ಷ ಹೀಗೆ ನಡೆದಿತ್ತು. ಅವರು ಬರೆದ ಒಂದು ಸಾಲೂ ಬಾಯಲ್ಲಿ ಹೇಳಿದ್ದಕ್ಕಿಂತ ಬೇರೆ ಇರಲಿಲ್ಲ. ಅಕ್ಕೋರು ಬಂದರೆ ಮಗ್ಗ ನಿಲ್ಲಿಸದೆ ಒಂದು ಕೈ ಚಾಚಿ ಸಹಿ ಹಾಕುವವರೂ ಇದ್ದರು.

ಆ ವರ್ಷ ಚಳಿಗಾಲದಲ್ಲಿ ಪಟ್ಟಿ ಬಂತು. ಮಕ್ಕಳು ಕಡಿಮೆ ಇರುವ ಸಾಲಿಗಳನ್ನು ದೊಡ್ಡ ಸಾಲಿಗೆ ಕೂಡಿಸುವುದು. ಮಡ್ಡಿ ಸಾಲಿಯ ಹೆಸರು ಪಟ್ಟಿಯ ಮೇಲ್ತುದಿಯಲ್ಲೇ ಇತ್ತು. ದೊಡ್ಡ ಸಾಲಿಯಲ್ಲಿ ಎಂಟು ಕೋಣೆ, ನೀರು, ಇಯತ್ತೆಗೊಬ್ಬ ಮಾಸ್ತರ, ಎಲ್ಲ ಇತ್ತು. ಆದರೆ ಅಲ್ಲಿ ಮುಂದಿನ ವರ್ಷದಿಂದ ಒಂದನೆಯ ಇಯತ್ತೆ ಇಂಗ್ಲಿಷ್ ಮಾಧ್ಯಮ ಮಾತ್ರ ಎಂದು ಗೊತ್ತು ಮಾಡಿದ್ದರು. ಪಾಲಕರು ಠರಾವು ಮಾಡಿ ಬೇಡಿದರೆ ಕನ್ನಡದ ವಿಭಾಗವನ್ನೂ ಇಡಬಹುದು, ಬೇಡದಿದ್ದರೆ ಇಲ್ಲ.

ಸಾಲಿ ಹೋಗುತ್ತದೆ ಎಂಬುದನ್ನು ಅಕ್ಕೋರು ಒಂದೇ ದಿನದಲ್ಲಿ ಒಪ್ಪಿಕೊಂಡರು. ಹದಿನಾಲ್ಕು ಮಕ್ಕಳನ್ನು ಒಬ್ಬಳೇ ಐದು ಇಯತ್ತೆಯಲ್ಲಿ ಕೂಡಿಸಿ ಕಲಿಸುವುದು ಎಷ್ಟು ಸಾಧ್ಯ ಎಂಬುದು ತಮಗೇ ಗೊತ್ತು ಎಂದರು. ಅವರಿಗೆ ಬೇಕಾದದ್ದು ಒಂದೇ. ಮಡ್ಡಿಯ ಕೂಸುಗಳು ಅಲ್ಲಿ ಹೋದ ಮೇಲೆ ಮೊದಲ ಅಕ್ಷರವನ್ನು ಕನ್ನಡದಲ್ಲಿ ಕಲಿಯಬೇಕು. ಅದಕ್ಕೆ ಮುಂದಿನ ಅಮಾವಾಸ್ಯೆಗೆ ಎಲ್ಲರನ್ನೂ ಕೂಡಿಸಿ, ಈ ಸಲ ಮಾತ್ರ ಸರಿಯಾಗಿ ಕೂತು ಚರ್ಚೆ ಮಾಡಿಸಿ, ಠರಾವು ಮಾಡಿಸುತ್ತೇನೆ ಎಂದು ನನಗೆ ಹೇಳಿದ್ದರು.

ಅಮಾವಾಸ್ಯೆಗೆ ಇನ್ನೂ ಎಂಟು ದಿನ ಇರುವಾಗ ನಾನು ತಪಾಸಣೆಗೆಂದು ಮಡ್ಡಿ ಸಾಲಿಯ ಪುಸ್ತಕ ತೆಗೆದುಕೊಂಡು ಹೊರಟಿದ್ದೆ. ಅಡುಗೆ ಕೋಣೆಯ ತಗಡು ಹಾರಿಹೋಗಿತ್ತು, ಅದರ ಠರಾವಿಗೆಂದು ಅಕ್ಕೋರು ಹದಿಮೂರು ಸಹಿ ತೆಗೆದುಕೊಂಡು ಮೇಲೆ ಜಾಗ ಬಿಟ್ಟಿದ್ದರು. ತಗಡಿನ ಅಳತೆ ಗೊತ್ತಾದ ಮೇಲೆ ಬರೆಯುವವರಿದ್ದರು. ಗುಡೂರಿನಲ್ಲಿ ಚಹಾ ಕುಡಿಯುತ್ತಿದ್ದಾಗ ಕಚೇರಿಯಿಂದ ಫೋನು ಬಂತು. ನಾಲ್ಕು ಗಂಟೆಯೊಳಗೆ ಎಲ್ಲ ಸಾಲಿಗಳ ಒಪ್ಪಿಗೆ ಠರಾವಿನ ಫೋಟೋ ಹೋಗಬೇಕು, ಮಡ್ಡಿ ಸಾಲಿಯದೊಂದೇ ಬಾಕಿ, ಎಂದರು. ಆಗ ಗಂಟೆ ಮೂರೂಕಾಲು.

ನಾನು ಪುಸ್ತಕ ತೆರೆದೆ. ಬೈಕಿನ ಸೀಟಿನ ಮೇಲೆ ಇಟ್ಟುಕೊಂಡು, ಆ ಹದಿಮೂರು ಸಹಿಗಳ ಮೇಲೆ ಬರೆದೆ: ಈ ಸಾಲಿಯನ್ನು ದೊಡ್ಡ ಸಾಲಿಗೆ ಕೂಡಿಸಲು ಮತ್ತು ಒಂದನೆಯ ಇಯತ್ತೆಯಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಸಲು ಪಾಲಕರೆಲ್ಲರ ಒಪ್ಪಿಗೆ ಇದೆ. ಹೇಗೂ ಒಪ್ಪುತ್ತಾರೆ, ಒಪ್ಪುವುದನ್ನೇ ಎಂಟು ದಿನ ಮೊದಲು ಬರೆದರೆ ಏನು ಎಂದುಕೊಂಡೆ. ಫೋಟೋ ಕಳಿಸಿ ಚಹಾ ಮುಗಿಸಿದೆ. ಅದು ಆರಿಹೋಗಿತ್ತು, ಅಷ್ಟೇ.

ಮರುದಿನ ಪುಸ್ತಕ ಹಿಂತಿರುಗಿಸಿದಾಗ ಅಕ್ಕೋರು ನನ್ನ ಎದುರಿಗೇ ತೆರೆದು ಓದಿದರು. ಎರಡು ಸಲ ಓದಿದರು. ಮುಚ್ಚಿ ಕಪಾಟಿನಲ್ಲಿಟ್ಟರು. ಆಮೇಲೆ ಮಕ್ಕಳ ಪೆನ್ಸಿಲ್ ಡಬ್ಬಿ ತಂದು, ಬ್ಲೇಡು ಹಿಡಿದು, ಒಂದೊಂದೇ ಪೆನ್ಸಿಲನ್ನು ಕೆತ್ತತೊಡಗಿದರು. ಅದು ಅವರ ಸಿಟ್ಟು. ಕೈ ಕೆಲಸ ಮಾಡುವಾಗ ಬಾಯಿ ಮುಚ್ಚಿಕೊಂಡಿರುತ್ತದೆ ಎಂದು ಹಿಂದೆ ಒಂದು ಸಲ ಹೇಳಿದ್ದರು. ಆರು ಪೆನ್ಸಿಲ್ ಆದ ಮೇಲೆ ಹೇಳಿದರು.

"ತಮ್ಮಾ, ಇದು ತಗಡಿನ ಹಾಳಿ ಆಗಿತ್ತು."

ನಾನು ಫೋನು, ನಾಲ್ಕು ಗಂಟೆ, ಮೇಲಿನವರು ಎಂದೆಲ್ಲ ಹೇಳಿದೆ. ಅವರು ಅಡ್ಡಬಾಯಿ ಹಾಕದೆ ಪೂರ್ತಿ ಕೇಳಿದರು. ಸಾಹೇಬರು ಅಮಾವಾಸ್ಯೆ ದಿನ ಮಡ್ಡಿಗೆ ಬರುವಂತೆ ಮಾಡುತ್ತೀರಾ ಎಂದು ಮಾತ್ರ ಕೇಳಿದರು. ನಾನು ಹೂಂ ಎಂದೆ.

ಹೀಗೆ ಸಾಹೇಬರು ಬಂದು ಕೂತಿದ್ದರು. ಒಪ್ಪಿಗೆ ಕೊಟ್ಟ ಊರಿಗೆ ಕೃತಜ್ಞತೆ ಹೇಳಿ ಹೋಗುವುದಷ್ಟೇ ಕೆಲಸ ಎಂದುಕೊಂಡು ಬಂದಿದ್ದರು. ನೀವೆಲ್ಲ ಒಮ್ಮನಸ್ಸಿನಿಂದ ಒಪ್ಪಿದ್ದು ಸಂತೋಷ ಎಂದು ಅವರು ಸುರು ಮಾಡುತ್ತಲೇ ಪಟ್ಟಿಗಳ ಮೇಲೆ ಗುಜುಗುಜು ಎದ್ದಿತು. ಮಲ್ಲಪ್ಪ ನಿಂತುಕೊಂಡ.

"ಯಾವ ಒಪ್ಪಿಗಿ, ಸಾಹೇಬ್ರ? ನಾವು ಸಹಿ ಹಾಕಿದ್ದು ತಗಡಿಗೆ."

ಸಾಹೇಬರು ಪುಸ್ತಕವನ್ನು ಅವನ ಕಡೆ ತಿರುಗಿಸಿ, ಇದು ನಿನ್ನ ಸಹಿಯೇ ಅಲ್ಲವೇ ಎಂದು ಕೇಳಿದರು. ಹೌದು, ಅವನದೇ. ಪಕ್ಕದ್ದು ಅವನ ಅಣ್ಣನದು. ಕೆಳಗಿನ ಹೆಬ್ಬೆಟ್ಟು ಅವನ ಅತ್ತೆಯದು. ಮೇಲಿನ ಎರಡು ಸಾಲನ್ನು ಮಲ್ಲಪ್ಪ ಬೆರಳಿಟ್ಟು ಓದಿದ. ಓದುತ್ತ ಓದುತ್ತ ಅವನ ದನಿ ಸಣ್ಣದಾಯಿತು. ಹದಿಮೂರು ಮುಖಗಳೂ ಹಲಗೆಯ ಕಡೆ ತಿರುಗಿದವು. ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದವರು ಅಕ್ಕೋರೇ ಅಲ್ಲವೇ.

ಸಾಹೇಬರು ಕೆಟ್ಟವರಲ್ಲ. ಅವರು ಅಕ್ಕೋರಿಗೆ ದಾರಿ ಬಿಟ್ಟುಕೊಟ್ಟರು. ಹಳ್ಳಿಯಲ್ಲಿ ಪಾಲಕರು ಮೊದಲು ಒಪ್ಪಿ ಆಮೇಲೆ ಮಾತು ಬದಲಿಸುವುದು ಇದ್ದದ್ದೇ, ಇಲ್ಲೂ ಹಾಗೇ ಆಗಿದೆಯಲ್ಲವೇ, ಎಂದರು. ಅಕ್ಕೋರು ಹೂಂ ಎಂದು ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರ ನಿವೃತ್ತಿಗೆ ಹದಿನೈದು ತಿಂಗಳು ಉಳಿದಿತ್ತು. ಸೇವೆಯ ಕೊನೆಗೆ ನೋಟಿಸು ಹತ್ತಿಸಿಕೊಂಡವರ ಪೆನ್ಶನ್ ಕಾಗದ ಎಷ್ಟು ಮೇಜುಗಳ ಮೇಲೆ ಮಲಗುತ್ತದೆ ಎಂಬುದು ನಮ್ಮ ಇಲಾಖೆಯಲ್ಲಿ ಎಲ್ಲರಿಗೂ ಗೊತ್ತು. ಹೆಡ್‌ಮಾಸ್ತರರು ಮೇಜಿನ ಕೆಳಗಿಂದ ಕೈಯಾಡಿಸಿ, ಹೂಂ ಅನ್ನಿರಿ, ಎಂದು ಸನ್ನೆ ಮಾಡುತ್ತಿದ್ದರು.

"ಇಲ್ರಿ ಸಾಹೇಬ್ರ," ಎಂದರು ಅಕ್ಕೋರು. "ಅವರು ಮಾತು ಬದಲಿ ಮಾಡಿಲ್ಲ. ಖಾಲಿ ಹಾಳಿ ಮ್ಯಾಲ ಸಹಿ ತಗೊಂಡಾಕಿ ನಾನು. ಇದೊಂದ ಅಲ್ಲ, ಒಂಬತ್ತು ವರ್ಷದ್ದೂ ಹಿಂಗ ತಗೊಂಡೇನಿ. ಈ ಹಾಳಿ ಲೆಕ್ಕಕ್ಕ ಹಿಡೀಬ್ಯಾಡ್ರಿ. ಇವರನ್ನ ಈಗ ಕೇಳ್ರಿ."

ಸಾಹೇಬರು ಪುಟಗಳನ್ನು ಹಿಂದಕ್ಕೆ ಮಗುಚಿ ನೋಡಿದರು, ಮತ್ತೆ ಮುಂದಕ್ಕೆ ಬಂದರು. ಇದು ನಿಮ್ಮ ಅಕ್ಷರ ಅಲ್ಲವಲ್ಲ, ಯಾರು ಬರೆದದ್ದು ಎಂದು ಕೇಳಿದರು.

"ಪುಸ್ತಕ ನನ್ನ ತಾಬಾದಾಗ ಇರತೈತ್ರಿ."

"ನಾನು ಕೇಳಿದ್ದು ಅದಲ್ಲ."

"ನಾ ಹೇಳೂದು ಅಷ್ಟ ಐತ್ರಿ."

ಅಕ್ಕೋರು ನಾನು ಕೂತಿದ್ದ ಕಿಟಕಿಯ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಎದ್ದು ನಿಲ್ಲುತ್ತಿದ್ದೆನೋ ಏನೋ. ಪ್ರಶ್ನೆ ಅವರಿಗೆ, ಉತ್ತರ ನನ್ನ ಬಾಯಲ್ಲಿ. ಆ ಬಾಯಿ ತೆರೆಯಲಿಲ್ಲ. ನಾನು ಎದುರಿನ ಗೋಡೆಯ ಬಿರುಕು ನೋಡುತ್ತ ಕೂತೆ, ಅದು ಇಷ್ಟೇ ಉದ್ದ, ಇಲ್ಲಿ ಕವಲು ಎಂದು ಇವತ್ತಿಗೂ ಬರೆದು ತೋರಿಸಲು ಬರುತ್ತದೆ. ಕೊನೆಗೆ ಮಲ್ಲಪ್ಪನೇ ಮಾತಾಡಿದ. ಅಕ್ಕೋರು ಕಳ್ಳರಾದರೆ ನಾವು ಹದಿಮೂರು ಮಂದಿ ಜಾಮೀನು, ಎಲ್ಲಿ ಬೇಕಾದರೂ ಹೆಬ್ಬೆಟ್ಟು ಒತ್ತುತ್ತೇವೆ, ಆದರೆ ಈ ಸಲ ಓದಿ ಹೇಳಿ ಒತ್ತಿಸಿರಿ ಎಂದ. ಒಂದಿಬ್ಬರು ನಕ್ಕರು. ಸಾಹೇಬರು ನಗಲಿಲ್ಲ. ಕೆಂಪು ಪೆನ್ನು ತೆಗೆದು ಆ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು, ತಾರೀಖು ಹಾಕಿದರು. ನಿಮಗೆ ನೋಟಿಸು ಬರುತ್ತದೆ, ಗೊತ್ತಲ್ಲ, ಎಂದರು. ಗೊತ್ತೈತ್ರಿ, ಎಂದು ಅಕ್ಕೋರು ಹಲಗೆಗೆ ಬರೆಯುವ ಖಡು ಕೈಗೆ ತೆಗೆದುಕೊಂಡರು.

ಒಬ್ಬೊಬ್ಬರನ್ನೇ ಕೇಳುವುದು, ಹೇಳಿದ್ದನ್ನು ಹೇಳಿದ ಹಾಗೆ ಹಲಗೆಯ ಮೇಲೆ ಬರೆಯುವುದು, ಕೊನೆಗೆ ಅದನ್ನೇ ಪುಸ್ತಕಕ್ಕೆ ಇಳಿಸುವುದು ಎಂದಾಯಿತು. ಸಾಲಿ ಕೂಡಿಸುವುದಕ್ಕೆ ಎಲ್ಲರೂ ಒಪ್ಪಿದರು. ದೊಡ್ಡ ರಸ್ತೆಯಲ್ಲಿ ಗ್ರಾನೈಟ್ ಲಾರಿಗಳು ಓಡಾಡುತ್ತವೆ, ಮಕ್ಕಳನ್ನು ದಾಟಿಸಲು ಗಾಡಿ ಬೇಕು ಎಂದರು. ಅದನ್ನೂ ಬರೆದರು. ಆಮೇಲೆ ಮಾಧ್ಯಮದ ಪ್ರಶ್ನೆ ಬಂತು. ಮಲ್ಲಪ್ಪ ಕನ್ನಡ ಎಂದ. ಅವನ ಅಣ್ಣ ಕನ್ನಡ ಎಂದ. ಅಕ್ಕೋರು ಸರಸರನೆ ಬರೆಯುತ್ತಿದ್ದರು. ಮುಖ ಸ್ವಲ್ಪ ಸಡಿಲವಾಗಿತ್ತು. ಮೂರನೆಯವಳು ಗಂಗವ್ವ, ಸ್ವಂತ ಮಗ್ಗವಿದ್ದ ಹೆಣ್ಣುಮಗಳು. ಅವಳು ಕೂತಲ್ಲಿಂದ ಏಳದೆ, ನೆಲ ನೋಡುತ್ತ ಮಾತಾಡಿದಳು.

"ಸಿಟ್ಟಾಗಬ್ಯಾಡ್ರಿ ಅಕ್ಕೋರ. ನನ್ನ ಹಿರೀ ಮಗಳಿಗೆ ನೀವ ಕಲಿಸಿದ್ರಿ. ಛಲೋ ಕಲಿಸಿದ್ರಿ. ಮನ್ಯಾಗ ಎಲ್ಲಾರಿಗೂ ಪೇಪರ ಓದಿ ಹೇಳ್ತಿದ್ಲು. ಹತ್ತನೇತ್ತಾ ಪಾಸಾಗಿ ಕಾಲೇಜಿಗೆ ಹೋದ್ಲು. ಅಲ್ಲಿ ಎಲ್ಲಾ ಇಂಗ್ಲಿಷ್. ಆರು ತಿಂಗಳ ಹಿಂದಿನ ಬೆಂಚಿನಾಗ ಕುಂತು ಹೊಳ್ಳಿ ಬಂದ್ಲು. ಈಗ ನನ್ನ ಬಾಜೂಕ ಮಗ್ಗದ ನೂಲಿನ ಕಂಡಿಕಿ ಸುತ್ತತಾಳ. ಸಣ್ಣಾಕಿನ್ನೂ ಅಲ್ಲೇ ಕುಂದ್ರಸಲೇನ್ರಿ?"

ಖಡು ಹಲಗೆಯ ಮೇಲೆಯೇ ನಿಂತಿತು. ಸಾಹೇಬರ ಪ್ರಶ್ನೆಗೆ ಅಲುಗದೆ ನಿಂತಿದ್ದ ಅಕ್ಕೋರು ಇದಕ್ಕೆ ತಿರುಗಿ ನೋಡಲೂ ಇಲ್ಲ. ನಮಗೆ ಅವರ ಬೆನ್ನು ಕಾಣುತ್ತಿತ್ತು. ಅವರು ಉತ್ತರ ಹೇಳಬಹುದಿತ್ತು. ಮೂರನೆಯ ಇಯತ್ತೆಯಿಂದ ತಾವು ಕಲಿಸಿದ ಇಂಗ್ಲಿಷಿನ ಮೇಲೆ ಮುಂದಿನವರು ಏನು ಕಟ್ಟಿದರು ಎಂದು ಕೇಳಬಹುದಿತ್ತು. ಮಲ್ಲಪ್ಪನ ಮಗಳ ಕತೆ ತೆಗೆಯಬಹುದಿತ್ತು. ಹಾಗೇನಾದರೂ ಅಂದಾರು ಎಂದು ನಾವೆಲ್ಲ ಕಾದೆವು. ಗಂಗವ್ವನೂ ಕಾದಳು, ಬೈಸಿಕೊಳ್ಳಲು ತಲೆ ಬಗ್ಗಿಸಿಕೊಂಡೇ.

"ಗಂಗವ್ವ ಹೇಳೂದು ಖರೆ ಐತಿ," ಎಂದರು ಅಕ್ಕೋರು. ಮತ್ತು ಬರೆದರು: ಗಂಗವ್ವ, ಇಂಗ್ಲಿಷ್. ಅದಕ್ಕೂ ಅಷ್ಟೇ ದುಂಡನೆಯ ಅಕ್ಷರ.

ಅದರ ನಂತರ ಮಂದಿಗೆ ಬಾಯಿ ಬಂತು. ಅಕ್ಕೋರ ಮುಖ ನೋಡಿ ಕನ್ನಡ ಎನ್ನಬೇಕೆಂದು ಬಂದವರು ತಮ್ಮ ಮನಸ್ಸಿನದನ್ನು ಹೇಳಿದರು. ಒಬ್ಬ ಎರಡು ಸಲ ಬದಲಿಸಿದ, ಅಕ್ಕೋರು ಎರಡು ಸಲ ಅಳಿಸಿ ಬರೆದರು. ಗಂಡ ಹೆಂಡತಿ ಇಬ್ಬರು ಅಲ್ಲೇ ಜಗಳಕ್ಕೆ ನಿಂತರು. ಮೂರು ಗಂಟೆಯಾಯಿತು. ಕೂಡಿಸಿ ನೋಡಿದರೆ ಎಂಟು ಮನೆ ಕನ್ನಡ, ಐದು ಮನೆ ಇಂಗ್ಲಿಷ್. ಎಂಟು ಮನೆಯವರು ಬೇಡಿದರೆ ವಿಭಾಗ ಇಡಬೇಕಾಗುತ್ತದೆ, ಆದರೆ ಅದಕ್ಕೆ ಹೊಸ ಶಿಕ್ಷಕರನ್ನು ಕೊಡಲು ಆಗುವುದಿಲ್ಲ ಎಂದರು ಸಾಹೇಬರು. ನಾ ಬರ್ತೇನಲ್ರಿ, ಎಂದರು ಅಕ್ಕೋರು. ಠರಾವು ಬರೆದು, ಗಟ್ಟಿಯಾಗಿ ಎರಡು ಸಲ ಓದಿ, ಆಮೇಲೆ ಸಹಿ ಮಾಡಿಸಿದರು.

ಎಲ್ಲರೂ ಹೋದ ಮೇಲೆ ಅಕ್ಕೋರು ಕೀಲಿ ಹಾಕಿ, ಬಸ್ಸು ತಪ್ಪುತ್ತದೆ, ರಸ್ತೆಯವರೆಗೆ ಬಿಡಿರಿ ಎಂದರು. ಬೈಕಿನ ಹಿಂದೆ ಕೂತರು. ತಿರುವಿನಲ್ಲಿ ಇಳಿದ ಮೇಲೆ, ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ಮೇಲಿನ ಕರುಣೆಯಿಂದ ಎಂದಾರು ಎಂದುಕೊಂಡಿದ್ದೆ.

"ನಿಮ್ಮ ಹೆಸರು ಹೇಳಿದ್ರ ಎಲ್ಲಾರೂ ನಿಮ್ಮನ್ನ ಹಿಡಕೊಂಡು ಕುಂಡ್ರತಿದ್ರು," ಎಂದರು, ಬಸ್ಸಿನ ದಾರಿ ನೋಡುತ್ತ. "ಕೂಸುಗೋಳ ಮಾತು ಯಾವಾಗ ಆಗೂದು? ಇದ್ದದ್ದು ಒಂದು ಅಮಾಸಿ. ನಿಮ್ಮದು ನೀವ ಹೇಳ್ರಿ, ತಮ್ಮಾ. ಅದು ನನ್ನ ಕೆಲಸ ಅಲ್ಲ."

ನೋಟಿಸು ಬಂತು. ಏಪ್ರಿಲಿನಲ್ಲಿ ಬಾಗಲಕೋಟೆಯ ಕಚೇರಿಗೆ ವಿಚಾರಣೆಗೆ ಕರೆದರು. ನಾನೂ ಅದೇ ಬಸ್ಸು ಹತ್ತಿದೆ. ಅಮೀನಗಡದಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗ, ಜೇಬಿನಲ್ಲಿದ್ದ ಕಾಗದವನ್ನು ಅವರ ಕೈಗೆ ಕೊಟ್ಟೆ. ಬರೆದವನು ನಾನೇ ಎಂದು ಅದರಲ್ಲಿ ಬರೆದಿದ್ದೆ. ಅಕ್ಕೋರು ಕನ್ನಡಕ ಹಾಕಿಕೊಂಡು, ಮಕ್ಕಳ ಕಾಪಿ ತಿದ್ದುವ ಹಾಗೆ ಬೆರಳಿಟ್ಟು ಓದಿದರು. ಒಂದು ಕಡೆ ಬೆರಳು ನಿಂತಿತು. ಕಚೇರಿಯ ಒತ್ತಡ ಇದ್ದುದರಿಂದ ಎಂದು ಬರೆದಿದ್ದೆ.

"ಇದನ್ನ ತಗೀರಿ. ಒತ್ತಡ ಎಲ್ಲಾರಿಗೂ ಇತ್ತು."

ನಾನು ಇಳಿದು, ಕರದಂಟಿನ ಅಂಗಡಿಯವನಿಂದ ಒಂದು ಹಾಳೆ ಬೇಡಿ ತೆಗೆದುಕೊಂಡು, ಅವನ ಕಟ್ಟೆಯ ಮೇಲಿಟ್ಟು ಮತ್ತೆ ಬರೆದೆ. ಆ ಸಾಲು ಹೋದ ಮೇಲೆ ಕಾಗದ ಭಾಳ ಸಣ್ಣದಾಯಿತು. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಅಕ್ಕೋರು ಬಾಗಿಲಲ್ಲಿ ನಿಂತು, ನಮ್ಮವರೊಬ್ಬರು ಬರುವವರಿದ್ದಾರೆ ಎಂದು ಬಸ್ಸು ತಡೆದಿದ್ದರು.

ಆ ವರ್ಷದ ಕೊನೆಗೆ ಆದೇಶ ಬಂತು. ಅಕ್ಕೋರಿಗೆ ಒಂದು ವರ್ಷದ ವೇತನ ಬಡ್ತಿ ತಡೆ. ನನ್ನನ್ನು ಸಿ.ಆರ್.ಪಿ. ಹುದ್ದೆಯಿಂದ ತೆಗೆದು, ಮುಂದಿನ ವರ್ಷದಿಂದ ದೊಡ್ಡ ಸಾಲಿಯ ತರಗತಿಗೆ ಕಳಿಸುವುದು.

ಅಷ್ಟರೊಳಗೆ ಮಡ್ಡಿ ಸಾಲಿಗೆ ಕೀಲಿ ಬಿದ್ದಿತ್ತು. ದೊಡ್ಡ ಸಾಲಿಯಲ್ಲಿ ಒಂದನೆಯ ಇಯತ್ತೆಗೆ ಎರಡು ಕೋಣೆ ಕೊಟ್ಟಿದ್ದರು. ಅಕ್ಕೋರ ಕೋಣೆಯಲ್ಲಿ ಸುತ್ತಲಿನ ಊರುಗಳವರೂ ಸೇರಿ ಒಂಬತ್ತು ಮಕ್ಕಳು, ಪಕ್ಕದ ಇಂಗ್ಲಿಷ್ ಕೋಣೆಯಲ್ಲಿ ಮೂವತ್ತೊಂದು. ಆ ಕೋಣೆಗೆ ಬಾದಾಮಿಯ ಕಡೆಯಿಂದ ಬಂದ ತರುಣಿಯೊಬ್ಬಳು ಶಿಕ್ಷಕಿ, ಮೊದಲ ನೌಕರಿ. ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಅವಳು ಅಕ್ಕೋರ ಬಾಗಿಲಲ್ಲಿ ಬಂದು ನಿಂತಳಂತೆ. ನನ್ನ ಮಕ್ಕಳು ಎರಡು ತಿಂಗಳಿಂದ ಬಾಯಿ ಬಿಡುತ್ತಿಲ್ಲ, ದಿನಾ ಮೊದಲ ತಾಸು ನಿಮ್ಮ ಕೋಣೆಯಲ್ಲಿ ಕೂಡಿಸಲೇ ಎಂದು ಕೇಳಿದಳಂತೆ. ಅಕ್ಕೋರು ತಮ್ಮ ಒಂಬತ್ತು ಮಕ್ಕಳಿಗೆ ಸರಿದು ಕೂಡಲು ಹೇಳಿದರು. ನಲವತ್ತು ಮಕ್ಕಳು ಒಳಗೆ ಹಿಡಿಸದೆ ಹೊಸ್ತಿಲ ಆಚೆಗೂ ಕೂತರು. ಹೆಡ್‌ಮಾಸ್ತರರು ಬಂದು ನೋಡಿ ಹೋದರು. ಮರುವಾರ ಗೋಡೆಯ ವೇಳಾಪಟ್ಟಿಯಲ್ಲಿ ಎರಡೂ ವಿಭಾಗಗಳ ಮೊದಲ ತಾಸಿಗೆ ಒಂದೇ ಕೋಣೆ ಬರೆದಿತ್ತು.

ಮೇ ಕೊನೆಗೆ ಅಕ್ಕೋರು ನಿವೃತ್ತರಾದರು. ಜೂನಿನಲ್ಲಿ ನಾನು ಹಾಜರಾದಾಗ ವೇಳಾಪಟ್ಟಿಯ ಆ ಮೊದಲ ತಾಸಿಗೆ ಅವರ ಹೆಸರು ಹೊಡೆದು ನನ್ನ ಹೆಸರು ಹಾಕಿದ್ದರು.